ಅಬರ್ಡೀನ್‌ನ ಹಳೆಯ ನಗರವನ್ನು ವಾರಾಂತ್ಯದಲ್ಲಿ ನೋಡುವುದಾದರೆ ಎಲ್ಲಿಂದ ಆರಂಭಿಸಬೇಕು?

ಕಾವೇರಿತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನೆಲೆಸಿದ್ದೇವೆ. ಮೈಸೂರಿನಿಂದ ಬಂದಿರುವ ನನ್ನ ತಂದೆ ತಾಯಿಯವರನ್ನು ಜೂನ್ ತಿಂಗಳ ಒಂದು ವಾರಾಂತ್ಯದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರಕ್ಕೆ ಕರೆದೊಯ್ಯಬೇಕೆಂಬ ಯೋಚನೆಯಿದೆ. ಎಡಿನ್‌ಬರೋವನ್ನು ಅವರು ಹಿಂದಿನ ಸಲ ಬಂದಾಗಲೇ ನೋಡಿದ್ದಾರೆ. ತಂದೆಯವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಸೇತುವೆ, ಕಮಾನು, ಕಲ್ಲಿನ ಕಟ್ಟಡ ಎಂದರೆ ಹೊತ್ತು ಹೋದದ್ದೇ ಅವರಿಗೆ ತಿಳಿಯುವುದಿಲ್ಲ. ತಾಯಿಯವರಿಗೆ ಮಂಡಿನೋವು ಇರುವುದರಿಂದ ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯಬಲ್ಲರೇ ಹೊರತು ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ.

ಇಲ್ಲಿ ನಾನು ವಿಚಾರಿಸಿದ ಕೆಲವರು, ಅಬರ್ಡೀನ್ ಎಂದರೆ ಉತ್ತರ ಸಮುದ್ರದ ತೈಲ ಕಂಪನಿಗಳ ಊರು, ಬೂದು ಬಣ್ಣದ ಕಟ್ಟಡಗಳ ಹೊರತು ಅಲ್ಲಿ ನೋಡುವಂಥದ್ದೇನೂ ಇಲ್ಲ ಎಂದು ಮೂಗು ಮುರಿದರು. 1495ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಇಂದಿಗೂ ನಡೆಯುತ್ತಿರುವ ಊರಿನಲ್ಲಿ ನೋಡಲು ಏನೂ ಇಲ್ಲವೆಂದರೆ ನಂಬುವುದು ಕಷ್ಟ. ಅಲ್ಲಿ ವಾಸಿಸುವವರು ಅಥವಾ ನೋಡಿ ಬಂದವರು ಯಾರಾದರೂ ಇದ್ದರೆ, ಐತಿಹಾಸಿಕ ಸ್ಥಳಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ. ಹತ್ತಿರದ ಡನಾಟರ್ ಕೋಟೆಯನ್ನೂ ಅದೇ ವಾರಾಂತ್ಯದಲ್ಲಿ ಸೇರಿಸಿಕೊಳ್ಳಬಹುದೇ?

ಡಾನ್‌ದಂಡೆ

ಕಾವೇರಿತೀರ ಅವರಿಗೆ ನಮಸ್ಕಾರ. ನಾನು ಈ ಊರಿನಲ್ಲಿ ಬಹಳ ಕಾಲದಿಂದ ಇರುವವನು. ನಿಮ್ಮ ತಂದೆಯವರ ಆಸಕ್ತಿಯನ್ನು ಓದಿದ ಮೇಲೆ, ಈ ನಗರ ಅವರಿಗಾಗಿಯೇ ಇದ್ದಂತಿದೆ ಎನಿಸಿತು. ಅಬರ್ಡೀನನ್ನು ಜಾಗಗಳ ಪಟ್ಟಿ ಹಿಡಿದು ನೋಡುವುದಕ್ಕಿಂತ, ಒಂದೇ ಕಲ್ಲನ್ನು ಈ ಊರಿನವರು ಐದು ಶತಮಾನಗಳಲ್ಲಿ ಹೇಗೆ ಪಳಗಿಸಿಕೊಂಡರು ಎಂಬುದನ್ನು ಹಿಂಬಾಲಿಸುತ್ತ ನೋಡಬೇಕೆಂಬುದು ನನ್ನ ಅಭಿಪ್ರಾಯ. ಹಾಗೆ ನೋಡಿದರೆ ಮೂಗು ಮುರಿಯುವವರು ಹೇಳುವ ಆ ಬೂದು ಬಣ್ಣವೇ ಇಲ್ಲಿನ ಮುಖ್ಯ ವಿಷಯವಾಗುತ್ತದೆ.

ಮೊದಲು ಊರಿನ ವಿನ್ಯಾಸವನ್ನು ತಿಳಿದುಕೊಂಡರೆ ಅನುಕೂಲ. ದಕ್ಷಿಣಕ್ಕೆ ಡೀ, ಉತ್ತರಕ್ಕೆ ಡಾನ್ ಎಂಬ ಎರಡು ನದಿಗಳು ಇಲ್ಲಿ ಸಮುದ್ರ ಸೇರುತ್ತವೆ. ಡೀ ನದಿಯ ಅಳಿವೆಯಲ್ಲಿ ಬಂದರು ಮತ್ತು ವ್ಯಾಪಾರದ ಪಟ್ಟಣ ಬೆಳೆದರೆ, ಡಾನ್ ನದಿಯ ಬಳಿ ಬಿಷಪ್ಪರ ಪೀಠ ಮತ್ತು ವಿಶ್ವವಿದ್ಯಾಲಯದ ಸುತ್ತ ಇನ್ನೊಂದು ಪಟ್ಟಣ ಬೆಳೆಯಿತು. ಓಲ್ಡ್ ಅಬರ್ಡೀನ್ ಎಂದು ಕರೆಯುವ ಈ ಎರಡನೆಯ ಪಟ್ಟಣಕ್ಕೆ 1891ರವರೆಗೂ ತನ್ನದೇ ಆದ ಪ್ರತ್ಯೇಕ ಆಡಳಿತವಿತ್ತು. ಬಹುಪಾಲು ಪ್ರವಾಸಿಗರು ರೈಲಿಳಿದು ನಗರದ ನಡುಭಾಗವನ್ನಷ್ಟೇ ಸುತ್ತಿ, ಇದಕ್ಕೆ ಸಮಯ ಸಾಲದೆ ಹಿಂದಿರುಗುತ್ತಾರೆ. ಆದ್ದರಿಂದ ನೀವು ಮೊದಲ ದಿನ ಬೆಳಿಗ್ಗೆಯೇ ಓಲ್ಡ್ ಅಬರ್ಡೀನಿಗೆ ಹೋಗಿ.

ಕಿಂಗ್ಸ್ ಕಾಲೇಜಿನ ಚರ್ಚಿನ ಎದುರು ಆರಂಭಿಸಿ. ಬಿಷಪ್ ವಿಲಿಯಂ ಎಲ್ಫಿನ್‌ಸ್ಟನ್ ಸ್ಥಾಪಿಸಿದ ಈ ಕಾಲೇಜಿನ ಚರ್ಚನ್ನು 1500ನೇ ಇಸವಿಯ ಏಪ್ರಿಲ್ 2ರಂದು ಕಟ್ಟಲಾರಂಭಿಸಿದರು ಎಂಬ ಬರಹವನ್ನು ಅದರ ಪಶ್ಚಿಮದ ಗೋಡೆಯ ಮೇಲೆಯೇ ಕೆತ್ತಿದ್ದಾರೆ. ಗೋಪುರದ ನೆತ್ತಿಯ ಮೇಲೆ ಕಲ್ಲಿನ ಕಿರೀಟವೊಂದಿದೆ. 1633ರ ಬಿರುಗಾಳಿಗೆ ಮೂಲ ಕಿರೀಟ ಉರುಳಿಬಿದ್ದುದರಿಂದ ಈಗಿರುವುದು ಅನಂತರ ಮತ್ತೆ ಕಟ್ಟಿದ್ದು. ಬಾಗಿಲು ತೆರೆದಿದ್ದರೆ ಒಳಗಿನ ಓಕ್ ಮರದ ಆಸನಗಳನ್ನೂ ಮರದ ಜಾಲರಿ ತೆರೆಯನ್ನೂ ತಪ್ಪದೆ ನೋಡಿ. 16ನೇ ಶತಮಾನದಲ್ಲಿ ಸ್ಕಾಟ್ಲೆಂಡ್ ಕ್ಯಾಥೊಲಿಕ್ ಪಂಥವನ್ನು ಬಿಟ್ಟು ಪ್ರಾಟೆಸ್ಟೆಂಟ್ ಆದ ಮತಸುಧಾರಣೆಯ ಕಾಲದಲ್ಲಿ ಸ್ಕಾಟ್ಲೆಂಡಿನ ಚರ್ಚುಗಳ ಇಂಥ ಮರಗೆಲಸ ಬಹುಪಾಲು ನಾಶವಾಗಿದ್ದು, ಇಷ್ಟರಮಟ್ಟಿಗೆ ಉಳಿದಿರುವುದು ಬಲು ಅಪರೂಪ. ಹೊರಗೆ ಎಲ್ಫಿನ್‌ಸ್ಟನ್ನರ ದೊಡ್ಡ ಸ್ಮಾರಕವಿದೆ. ಅದನ್ನು ಮಾಡಿಸಿದ್ದು ಚರ್ಚಿನೊಳಗೆ ಇಡಲೆಂದು. ಒಳಗೆ ಹಿಡಿಸಲಾರದಷ್ಟು ದೊಡ್ಡದಾದ ಕಾರಣ ಅಂಗಳದಲ್ಲಿ ಉಳಿಯಿತು. ಅಳತೆಯ ಇಂಥ ಎಡವಟ್ಟು ನಿಮ್ಮ ತಂದೆಯವರಿಗೆ ಹೊಸದೇನೂ ಆಗಿರಲಾರದು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಗ್ರಾನೈಟ್ ನಗರವೆಂದು ಹೆಸರಾದ ಊರಿನ ಈ ಚರ್ಚು ಗ್ರಾನೈಟಿನದಲ್ಲ, ಮರಳುಗಲ್ಲಿನದು. ಕುಸುರಿ ಕೆಲಸ ಬೇಕಾದಾಗ ಆ ಕಾಲದ ಕಲ್ಲುಕುಟಿಗರು ಮೃದುವಾದ ಕಲ್ಲನ್ನೇ ಆರಿಸುತ್ತಿದ್ದರು. ಬೇಲೂರು ಹಳೇಬೀಡುಗಳಲ್ಲಿ ಬಳಪದ ಕಲ್ಲಿನ ಮೇಲೆ ಮಾಡಿದ ಕೆಲಸವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಹೈ ಸ್ಟ್ರೀಟಿನ ಉರುಟು ಕಲ್ಲುಹಾಸಿನ ಮೇಲೆ ಉತ್ತರಕ್ಕೆ ನಡೆದು, 18ನೇ ಶತಮಾನದ ಹಳೆಯ ಪುರಭವನವನ್ನು ದಾಟಿ, ಚಾನನ್ರಿ ಎಂಬ ಶಾಂತವಾದ ಬೀದಿಯಲ್ಲಿ ಮುಂದುವರಿದರೆ ಸೇಂಟ್ ಮಾಕರ್ ಕ್ಯಾಥೆಡ್ರಲ್ ಸಿಗುತ್ತದೆ. ಇದು ಗ್ರಾನೈಟಿನ ಕಟ್ಟಡ. 15ನೇ ಶತಮಾನದ ಈ ಗೋಡೆಗಳಲ್ಲಿ ಅಲಂಕಾರವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಳಿಗೆ ಬಗ್ಗದ ಕಲ್ಲಿನೊಡನೆ ರಾಜಿ ಮಾಡಿಕೊಂಡು, ದಪ್ಪ ಗೋಡೆ, ಮೊಂಡು ಗೋಪುರ, ಉದ್ದನೆಯ ಸರಳ ಕಿಟಕಿಗಳಲ್ಲೇ ಗಾಂಭೀರ್ಯವನ್ನು ತಂದಿದ್ದಾರೆ. ಗೋಪುರಗಳ ತುದಿಯ ಶಿಖರಗಳು ಮಾತ್ರ ಮತ್ತೆ ಮರಳುಗಲ್ಲಿನವು.

ಒಳಗೆ ಕುಳಿತು ತಲೆಯೆತ್ತಿ ಮಾಡನ್ನು ನೋಡಬೇಕು. 1520ರ ಸುಮಾರಿಗೆ ಬಿಷಪ್ ಗ್ಯಾವಿನ್ ಡನ್‌ಬಾರ್ ಮಾಡಿಸಿದ ಓಕ್ ಮರದ ಆ ಮಾಡಿನಲ್ಲಿ ಬಣ್ಣದ 48 ಲಾಂಛನಗಳು ಮೂರು ಸಾಲುಗಳಲ್ಲಿವೆ. ನಡುವಣ ಸಾಲು ಪೋಪ್ ಹತ್ತನೇ ಲಿಯೋ ಮತ್ತು ಸ್ಕಾಟ್ಲೆಂಡಿನ ಧರ್ಮಾಧಿಕಾರಿಗಳದ್ದು. ಒಂದು ಪಕ್ಕದಲ್ಲಿ ಸ್ಕಾಟ್ಲೆಂಡಿನ ರಾಜ ಮತ್ತು ಸರದಾರರು, ಇನ್ನೊಂದು ಪಕ್ಕದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮತ್ತು ಯೂರೋಪಿನ ಇತರ ರಾಜರು. ಯಾರ ಪಕ್ಕದಲ್ಲಿ ಯಾರು, ಯಾರ ಹಿಂದೆ ಯಾರು ಎಂಬ ಲೆಕ್ಕಾಚಾರದಲ್ಲಿ ಅಂದಿನ ರಾಜಕೀಯವೆಲ್ಲ ಅಡಗಿದೆ. ಕೆಲವೇ ದಶಕಗಳಲ್ಲಿ ಮತಸುಧಾರಣೆ ಬಂದು ಆ ವ್ಯವಸ್ಥೆಯೇ ತಲೆಕೆಳಗಾಯಿತು. ಪೂರ್ವಭಾಗ ಹಾಳಾಯಿತು, 1688ರಲ್ಲಿ ನಡುವಿನ ಗೋಪುರ ಕುಸಿಯಿತು. ಈಗ ಪೂಜೆ ನಡೆಯುವುದು ಉಳಿದ ಪಶ್ಚಿಮ ಭಾಗದಲ್ಲಿ ಮಾತ್ರ. ಸ್ಕಾಟ್ಲೆಂಡ್ ಚರ್ಚಿನಲ್ಲಿ ಬಿಷಪ್ಪರೇ ಇಲ್ಲವಾದ್ದರಿಂದ, ಬಿಷಪ್ಪರ ಪೀಠವಿರುವ ಚರ್ಚು ಎಂಬ ಅರ್ಥದ ಕ್ಯಾಥೆಡ್ರಲ್ ಎಂಬುದು ಹೆಸರಿಗಷ್ಟೆ.

ಅದರ ಹಿಂದಿನ ಸೀಟನ್ ಉದ್ಯಾನದಲ್ಲಿ ಡಾನ್ ನದಿಯ ದಂಡೆ ಹಿಡಿದು ಹೋದರೆ ಬ್ರಿಗ್ ಓ ಬಾಲ್ಗೌನಿ ಸೇತುವೆ ಸಿಗುತ್ತದೆ. 14ನೇ ಶತಮಾನದ ಆರಂಭದಲ್ಲಿ ಮುಗಿದ ಈ ಚೂಪು ಕಮಾನಿನ ಸೇತುವೆ, ಮಧ್ಯೆ ಒಂದೂ ಕಂಬವಿಲ್ಲದೆ ನದಿಯನ್ನು ದಾಟುತ್ತದೆ. ಶತಮಾನಗಳ ಕಾಲ ಉತ್ತರದ ಊರುಗಳಿಗೆ ಹೋಗುವ ಹೆದ್ದಾರಿ ಇದರ ಮೇಲೆಯೇ ಹಾದುಹೋಗುತ್ತಿತ್ತು. 1605ರಲ್ಲಿ ಸರ್ ಅಲೆಕ್ಸಾಂಡರ್ ಹೇ ಎಂಬವರು ಈ ಸೇತುವೆಯ ದುರಸ್ತಿಗೆಂದು ಸಣ್ಣದೊಂದು ದತ್ತಿಯನ್ನು ಬಿಟ್ಟರು. ಆ ಹಣ ಕರಗದೆ ಬೆಳೆಯುತ್ತಲೇ ಹೋಗಿ, 1830ರಲ್ಲಿ ಸ್ವಲ್ಪ ಕೆಳಗೆ ಕಟ್ಟಿದ ಐದು ಕಮಾನುಗಳ ಹೊಸ ಸೇತುವೆಯ ವೆಚ್ಚಕ್ಕೂ ಒದಗಿತು. ದುರಸ್ತಿಯ ಅನುದಾನಕ್ಕಾಗಿ ಕಡತ ಹಿಡಿದು ಅಲೆದ ಅನುಭವವಿರುವ ಎಂಜಿನಿಯರಿಗೆ ಈ ಕಥೆ ಹಿಡಿಸದೆ ಇರದು.

ಮಧ್ಯಾಹ್ನ ನಗರದ ನಡುಭಾಗಕ್ಕೆ ಬಂದು ಮಾರ್ಷಲ್ ಕಾಲೇಜಿನ ಎದುರು ನಿಂತುಕೊಳ್ಳಿ. 1593ರಲ್ಲಿ ಸ್ಥಾಪನೆಯಾದ ಈ ಕಾಲೇಜು 1860ರಲ್ಲಿ ಕಿಂಗ್ಸ್ ಕಾಲೇಜಿನೊಡನೆ ವಿಲೀನವಾಯಿತು. ಆ ವಿಲೀನದಿಂದ ಹುದ್ದೆ ಕಳೆದುಕೊಂಡ ಪ್ರಾಧ್ಯಾಪಕರಲ್ಲಿ ಪ್ರಸಿದ್ಧ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಬ್ಬರು ಎಂಬುದನ್ನು ನೆನಪಿಸಿಕೊಳ್ಳಿ. ಈಗ ಕಾಣುವ ಬೀದಿಮುಖವನ್ನು ವಾಸ್ತುಶಿಲ್ಪಿ ಅಲೆಕ್ಸಾಂಡರ್ ಮಾರ್ಷಲ್ ಮೆಕೆಂಜಿ ರೂಪಿಸಿದ್ದು, 1906ರಲ್ಲಿ ದೊರೆ ಏಳನೇ ಎಡ್ವರ್ಡ್ ಉದ್ಘಾಟಿಸಿದರು. ಸ್ಪೇನಿನ ಎಲ್ ಎಸ್ಕೋರಿಯಲ್ ಅರಮನೆಯನ್ನು ಬಿಟ್ಟರೆ ಜಗತ್ತಿನಲ್ಲೇ ದೊಡ್ಡ ಗ್ರಾನೈಟ್ ಕಟ್ಟಡವೆಂದು ಇದನ್ನು ಹೇಳುತ್ತಾರೆ. ಗಾತ್ರಕ್ಕಿಂತ ಇದರ ಕುಸುರಿ ದೊಡ್ಡದು. ಬೆಳಿಗ್ಗೆ ಸೇಂಟ್ ಮಾಕರ್‌ನಲ್ಲಿ ಮೊಂಡಾಗಿ ಕುಳಿತಿದ್ದ ಅದೇ ಜಾತಿಯ ಕಲ್ಲು ಇಲ್ಲಿ ಸಾಲುಸಾಲು ಚೂಪು ಶಿಖರಗಳಾಗಿ ಆಕಾಶಕ್ಕೆ ಎದ್ದಿರುತ್ತದೆ. ನಡುವಿನ ವ್ಯತ್ಯಾಸಕ್ಕೆ ಕಾರಣ ಯಂತ್ರ: ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ ಎಂಬ ಇಲ್ಲಿನ ಕಲ್ಲಿನ ವ್ಯಾಪಾರಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿ ಪ್ರಾಚೀನ ಈಜಿಪ್ಟಿನ ನುಣುಪಾದ ಗ್ರಾನೈಟ್ ಶಿಲ್ಪಗಳನ್ನು ನೋಡಿ ಬಂದು, 1830ರ ದಶಕದಲ್ಲಿ ಉಗಿಯಂತ್ರದ ಶಕ್ತಿಯಿಂದ ಗ್ರಾನೈಟಿಗೆ ಹೊಳಪು ಕೊಡುವ ವಿಧಾನವನ್ನು ರೂಢಿಗೆ ತಂದರು. ಕಾಲೇಜಿನ ಕಟ್ಟಡದಲ್ಲಿ ಈಗ ನಗರಾಡಳಿತದ ಕಚೇರಿಯಿರುವುದರಿಂದ ಹೊರಗಿನಿಂದ ನೋಡುವುದೇ ಮುಖ್ಯ.

ಇನ್ನೊಂದು ಮಾತು. ಯಾವುದಾದರೂ ಸಾಮಾನ್ಯ ಮನೆಯ ಪಕ್ಕದ ಗೋಡೆಯ ಹತ್ತಿರ ಹೋಗಿ ನೋಡಲು ತಂದೆಯವರಿಗೆ ಹೇಳಿ. ದೊಡ್ಡ ಚೌಕ ಕಲ್ಲುಗಳ ನಡುವಿನ ಸಂದಿನಲ್ಲಿ ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಮೂರು ಮೂರಾಗಿ ಪೇರಿಸಿರುವುದು ಕಾಣುತ್ತದೆ. ಈ ವರಸೆಗೆ ಅಬರ್ಡೀನ್ ಬಾಂಡ್ ಎಂದೇ ಹೆಸರು. ಮಳೆ ನಿಂತು ಬಿಸಿಲು ಬಿದ್ದಾಗ ಕಲ್ಲಿನೊಳಗಿನ ಅಭ್ರಕದ ಚೂರುಗಳು ಮಿನುಗುತ್ತವೆ; ಆಗ ಬೂದು ಬಣ್ಣದ ಬಗ್ಗೆ ದೂರುವವರು ಯಾರೂ ಇರುವುದಿಲ್ಲ.

ಅಳಿವೆಬಾಗಿಲು

ಡಾನ್‌ದಂಡೆ ಅವರು ಕಲ್ಲಿನ ಬಗ್ಗೆ ಬರೆದದ್ದು ಸೊಗಸಾಗಿದೆ. ಆದರೆ ಕಡಲಿನ ಮಾತೇ ಬಾರದೆ ಅಬರ್ಡೀನಿನ ಚರಿತ್ರೆ ಮುಗಿದುಹೋಯಿತಲ್ಲ ಎಂದು, ಕರಾವಳಿಯವಳಾದ ನನಗೆ ಸ್ವಲ್ಪ ಬೇಸರವಾಯಿತು. ಈ ಊರು ಹುಟ್ಟಿದ್ದೇ ಬಂದರಿನಿಂದ. 1136ರಲ್ಲಿ ದೊರೆ ಮೊದಲನೇ ಡೇವಿಡ್, ಇಲ್ಲಿಗೆ ಬರುವ ಹಡಗುಗಳ ಮೇಲಿನ ಸುಂಕದ ಪಾಲನ್ನು ಬಿಷಪ್ಪರಿಗೆ ಬಿಟ್ಟುಕೊಟ್ಟ ದಾಖಲೆಯನ್ನೇ ಬಂದರಿನವರು ತಮ್ಮ ಸಂಸ್ಥೆಯ ಆರಂಭವೆಂದು ಎಣಿಸುತ್ತಾರೆ. ಕಿಂಗ್ಸ್ ಕಾಲೇಜಿಗೂ ಮೂರೂವರೆ ಶತಮಾನಗಳಷ್ಟು ಹಿಂದಿನ ಮಾತು ಇದು.

ಎರಡನೆಯ ದಿನವನ್ನು ಫುಟ್‌ಡೀ ಕೇರಿಗೆ ಮೀಸಲಿಡಿ. ಊರಿನವರು ಅದನ್ನು ಫಿಟ್ಟಿ ಎನ್ನುತ್ತಾರೆ. ಡೀ ನದಿ ಸಮುದ್ರ ಸೇರುವ ಬಾಯಲ್ಲಿ, ಬಂದರಿನ ಧಕ್ಕೆಗೂ ಮರಳದಂಡೆಗೂ ನಡುವೆ ಇರುವ ಈ ಮೀನುಗಾರರ ಕೇರಿ ತಾನಾಗಿ ಬೆಳೆದದ್ದಲ್ಲ. 1809ರ ಸುಮಾರಿಗೆ ನಗರಾಡಳಿತವು ಮೀನುಗಾರ ಕುಟುಂಬಗಳನ್ನು ಇಲ್ಲಿ ನೆಲೆಗೊಳಿಸಲು ನಿರ್ಧರಿಸಿದಾಗ ಜಾನ್ ಸ್ಮಿತ್ ಎಂಬ ವಾಸ್ತುಶಿಲ್ಪಿ ನಕ್ಷೆ ತಯಾರಿಸಿದರು. ಎರಡು ಚೌಕಗಳ ಸುತ್ತ ಸಾಲುಮನೆಗಳು. ಪ್ರತಿ ಮನೆಯ ಬಾಗಿಲೂ ಒಳಗಿನ ಚೌಕದ ಕಡೆಗೆ, ಬೆನ್ನು ಸಮುದ್ರದ ಕಡೆಗೆ. ಉತ್ತರ ಸಮುದ್ರದ ಗಾಳಿಯನ್ನು ಒಮ್ಮೆ ಮುಖಕ್ಕೆ ಹೊಡೆಸಿಕೊಂಡವರಿಗೆ ಇದರ ಮರ್ಮ ತಕ್ಷಣ ತಿಳಿಯುತ್ತದೆ. ಆರಂಭದಲ್ಲಿ ಇವೆಲ್ಲ ಹುಲ್ಲಿನ ಮಾಡಿನ ಒಂದಂತಸ್ತಿನ ಮನೆಗಳಾಗಿದ್ದವು. 1880ರಿಂದ ಆಡಳಿತವು ಮನೆಗಳನ್ನು ಅಲ್ಲಿ ವಾಸವಿದ್ದವರಿಗೇ ಮಾರಲಾರಂಭಿಸಿದ ಮೇಲೆ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅಟ್ಟ ಏರಿಸಿಕೊಂಡರು. ಹೀಗಾಗಿ ನಕ್ಷೆಯ ಶಿಸ್ತು ಮತ್ತು ನಿವಾಸಿಗಳ ಇಷ್ಟ ಎರಡೂ ಒಂದೇ ಸಾಲಿನಲ್ಲಿ ಕಾಣಸಿಗುತ್ತವೆ.

ಮನೆಯ ಎದುರು, ಚೌಕದೊಳಗೆ, ಪ್ರತಿಯೊಬ್ಬರಿಗೂ ಒಂದು ಸಣ್ಣ ಗುಡಿಸಲಿದೆ. ಬಲೆ, ಗಾಳ, ಹಗ್ಗಗಳನ್ನು ಇಡುತ್ತಿದ್ದ ಈ ಗುಡಿಸಲುಗಳಿಗೆ ಮಳೆ ಗಾಳಿ ತಾಗದಂತೆ ಟಾರು ಬಳಿಯುತ್ತಿದ್ದರು. ಈಗ ಒಂದಕ್ಕೆ ನೀಲಿ ಬಣ್ಣ, ಇನ್ನೊಂದರ ಬಾಗಿಲಿಗೆ ತೇಲುಗುಂಡುಗಳ ಮಾಲೆ, ಮತ್ತೊಂದರ ಕಿಟಕಿಯಲ್ಲಿ ಪಿಂಗಾಣಿಯ ಗೊಂಬೆಗಳು. ನೋಡುತ್ತ ನಿಂತರೆ ಹೊತ್ತು ಹೋಗುತ್ತದೆ, ಆದರೆ ಇವು ಜನ ವಾಸಿಸುವ ಮನೆಗಳು. ಕಿಟಕಿಗೆ ಕ್ಯಾಮೆರಾ ಹಿಡಿಯುವ ಪ್ರವಾಸಿಗರಿಂದ ಅಲ್ಲಿಯವರು ರೋಸಿಹೋಗಿರುತ್ತಾರೆ. ನಾವು ಧ್ವನಿ ತಗ್ಗಿಸಿ ನಡೆದರೆ, ಅಂಗಳದಲ್ಲಿ ಕುಳಿತ ಹಿರಿಯರು ತಾವಾಗಿಯೇ ಮಾತನಾಡಿಸುವುದುಂಟು. ನೆಲ ಪೂರ್ತಿ ಸಮತಟ್ಟು. ಅಮ್ಮನವರಿಗೆ ಓಲ್ಡ್ ಅಬರ್ಡೀನಿನ ಉರುಟು ಕಲ್ಲುಗಳಿಗಿಂತ ಇಲ್ಲಿ ನಡೆಯುವುದೇ ಸುಲಭ.

ಹತ್ತಿರದಲ್ಲೇ 18ನೇ ಶತಮಾನದ ಕೊನೆಯಲ್ಲಿ ಬಂದರಿನ ಅಧಿಕಾರಿಗಾಗಿ ಕಟ್ಟಿದ ಎಂಟು ಮೂಲೆಯ ಕಟ್ಟಡವಿದೆ. ನದಿಯ ಆಚೆ ದಡದಲ್ಲಿ ಟೊರಿ ಬ್ಯಾಟರಿ ಎಂಬ 1860ರ ಸುಮಾರಿನ ಫಿರಂಗಿ ಕೋಟೆಯ ಅವಶೇಷ. ಕಾರಿನಲ್ಲಿ ಅದರ ತನಕ ಹೋಗಬಹುದು. ಬಂದರಿನ ಬಾಯಲ್ಲಿ ಡಾಲ್ಫಿನ್‌ಗಳು ಆಡುವುದನ್ನು ನೋಡಲು ಜನ ಅಲ್ಲಿಯೇ ಸೇರುತ್ತಾರೆ. ಅಲ್ಲಿಂದ ಮುಂದೆ ಕಾಣುವ ದೀಪಸ್ತಂಭ ರಾಬರ್ಟ್ ಸ್ಟೀವನ್‌ಸನ್ನರು ಕಟ್ಟಿಸಿದ್ದು, 1833ರಲ್ಲಿ ಬೆಳಗಲಾರಂಭಿಸಿತು.

ಮಳೆ ಹಿಡಿದುಕೊಂಡರೆ ಶಿಪ್‌ರೋ ಬೀದಿಯ ಕಡಲ ವಸ್ತುಸಂಗ್ರಹಾಲಯಕ್ಕೆ ಹೋಗಿ, ಪ್ರವೇಶಕ್ಕೆ ಶುಲ್ಕವಿಲ್ಲ. 1593ರ ಒಂದು ಮನೆಯೂ ಅದರ ಭಾಗವಾಗಿದೆ. 1839ರಲ್ಲಿ ಇಲ್ಲಿ ಕಟ್ಟಿದ ಸ್ಕಾಟಿಷ್ ಮೇಡ್ ಎಂಬ ಹಡಗಿನ ಮುಂಚಾಚಿದ ಮೂತಿ, ಮುಂದೆ ಚೀನಾದ ಚಹಾ ಸಾಗಿಸಿದ ವೇಗದ ಹಾಯಿಹಡಗುಗಳಿಗೆ ಹೇಗೆ ಮಾದರಿಯಾಯಿತು ಎಂಬುದರಿಂದ ಹಿಡಿದು, ಮರ್ಚಿಸನ್ ತೈಲ ವೇದಿಕೆಯ ಹಲವು ಮಹಡಿ ಎತ್ತರದ ಪ್ರತಿಕೃತಿಯವರೆಗೆ ಅಲ್ಲಿ ಎಲ್ಲವೂ ಇದೆ. 1988ರ ಜುಲೈ 6ರಂದು ಪೈಪರ್ ಆಲ್ಫಾ ವೇದಿಕೆಯಲ್ಲಿ 167 ಮಂದಿ ಸತ್ತ ದುರಂತದ ನೆನಪೂ ಇದೆ. ತೈಲವೂ ಈ ಊರಿನ ಚರಿತ್ರೆಯೇ. ಅದನ್ನು ಹೊರಗಿಟ್ಟು ಹಳೆಯದನ್ನು ಮಾತ್ರ ನೋಡುವುದರಲ್ಲಿ ಅರ್ಥವಿಲ್ಲ.

ಕಾವೇರಿತೀರ

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ಕೃತಜ್ಞತೆಗಳು. ತಂದೆಯವರಿಗೆ ಓದಿ ಹೇಳಿದೆ. ದತ್ತಿಯ ಹಣದಲ್ಲಿ ಕಟ್ಟಿದ ಸೇತುವೆಯ ವಿಷಯ ಕೇಳಿ ಅವರು ಬಹಳ ಹೊತ್ತು ನಕ್ಕರು. ನಗುವಿನ ಕಾರಣವನ್ನು ಮಾತ್ರ ವಿವರಿಸಲಿಲ್ಲ. ಈಗ ಅವರದೇ ಎರಡು ಪ್ರಶ್ನೆಗಳಿವೆ. ಇಷ್ಟೊಂದು ಕಲ್ಲು ಬಂದ ಕ್ವಾರಿ ಈಗಲೂ ಇದೆಯೇ, ಅದನ್ನು ನೋಡಬಹುದೇ? ಯೂನಿಯನ್ ಸ್ಟ್ರೀಟ್ ಎಂಬ ಮುಖ್ಯ ಬೀದಿಯ ಬಗ್ಗೆ ನೀವಿಬ್ಬರೂ ಏನೂ ಬರೆಯಲಿಲ್ಲವೇಕೆ? ಮುಚ್ಚಿದ ಅಂಗಡಿಗಳೇ ಹೆಚ್ಚೆಂದು ನಾವು ಕೇಳಿದ್ದು ನಿಜವೇ?

ಕಮಾನುಗಾರ

ತಂದೆಯವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಯೂನಿಯನ್ ಸ್ಟ್ರೀಟಿಗೆ ಇಲ್ಲಿ ಅನ್ಯಾಯವಾಗಿದೆ. ಅಂಗಡಿಗಳು ಮುಚ್ಚಿರುವುದು ನಿಜ, ಆದರೆ ಸಿವಿಲ್ ಎಂಜಿನಿಯರೊಬ್ಬರು ಅಂಗಡಿಗಳನ್ನು ನೋಡಲು ಬರುವುದಿಲ್ಲವಷ್ಟೆ. ಸುಮಾರು ಒಂದು ಮೈಲಿ ಉದ್ದದ ಈ ನೇರವಾದ ಬೀದಿ ನೆಲದ ಮೇಲಿರುವಂತೆ ಕಂಡರೂ, ಅದರ ಪೂರ್ವದ ಭಾಗ ನಿಂತಿರುವುದು ಕಮಾನುಗಳ ಮೇಲೆ. 19ನೇ ಶತಮಾನದ ಮೊದಲ ವರ್ಷಗಳಲ್ಲಿ, ಇಕ್ಕಟ್ಟಾದ ಹಳೆಯ ಪಟ್ಟಣದಿಂದ ಪಶ್ಚಿಮಕ್ಕೆ ಬೆಳೆಯಲು ದಾರಿ ಬೇಕಾದಾಗ, ಗುಡ್ಡದ ಒಂದು ಭಾಗವನ್ನು ಕಡಿದು, ತಗ್ಗಿನ ಮೇಲೆ ಕಮಾನುಗಳ ಸಾಲು ಕಟ್ಟಿ, ಡೆನ್‌ಬರ್ನ್ ಹಳ್ಳದ ಕಣಿವೆಗೆ ಒಂದೇ ಗ್ರಾನೈಟ್ ಕಮಾನಿನ ಸೇತುವೆ ಹಾಕಿ ಈ ರಸ್ತೆಯನ್ನು ಎಬ್ಬಿಸಿದರು. 1805ರಲ್ಲಿ ಮುಗಿದ ಆ ಯೂನಿಯನ್ ಸೇತುವೆಯ ಹರವು ಸುಮಾರು 130 ಅಡಿ. ಥಾಮಸ್ ಫ್ಲೆಚರ್ ಕಟ್ಟಿದ್ದು, ಥಾಮಸ್ ಟೆಲ್‌ಫರ್ಡ್ ಸಲಹೆ ನೀಡಿದ್ದರು. ಖರ್ಚಿನ ಭಾರ ತಾಳಲಾರದೆ 1817ರಲ್ಲಿ ನಗರಾಡಳಿತ ದಿವಾಳಿಯೆದ್ದಿತು. ಊರಿನ ಮುಖವನ್ನೇ ಬದಲಿಸಿದ ಯೋಜನೆಯಾದ್ದರಿಂದ, ಅದನ್ನು ತಪ್ಪು ನಿರ್ಧಾರವೆನ್ನಲು ನನಗೆ ಮನಸ್ಸಿಲ್ಲ.

ಇದನ್ನು ಬೀದಿಯ ಮೇಲೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಕೆಳಗಿನ ದ ಗ್ರೀನ್ ಎಂಬ ಹಳೆಯ ಸಂತೆಮಾಳಕ್ಕೆ ಹೋಗಿ ತಲೆಯೆತ್ತಿ ನೋಡಬೇಕು. ಆಗ ಮೇಲಿನ ಬೀದಿ ಎಷ್ಟು ಎತ್ತರದಲ್ಲಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಸೇತುವೆಯ ಕಮಾನನ್ನು ಯೂನಿಯನ್ ಟೆರೇಸ್ ಉದ್ಯಾನದಿಂದ ನೋಡುವುದು ಉತ್ತಮ. ಸೇತುವೆಯ ದಕ್ಷಿಣದ ಪಕ್ಕಕ್ಕೆ 1960ರ ದಶಕದಲ್ಲಿ ಅಂಗಡಿಸಾಲನ್ನು ಅಂಟಿಸಿ ಆ ಕಡೆಯ ನೋಟವನ್ನು ಪೂರ್ತಿಯಾಗಿ ಮುಚ್ಚಿಬಿಟ್ಟಿದ್ದಾರೆ. ಮುರಿದುಹಾಕಿದರೂ ಯಾರೂ ಅಳಲಾರರು.

ಬೀದಿಯ ಪೂರ್ವದ ತುದಿ ಕ್ಯಾಸಲ್‌ಗೇಟ್ ಎಂಬ ಚೌಕ. ಅಲ್ಲಿರುವ ಮರ್ಕ್ಯಾಟ್ ಕ್ರಾಸ್ ಎಂಬ ಸಂತೆಯ ಕಟ್ಟೆ 1686ರದು. ಸುತ್ತಲೂ ಸ್ಟುವರ್ಟ್ ವಂಶದ ದೊರೆಗಳ ಮುಖಗಳು, ನೆತ್ತಿಯ ಮೇಲೆ ಒಂಟಿಕೊಂಬಿನ ಕುದುರೆ. ಪಕ್ಕದಲ್ಲಿ 17ನೇ ಶತಮಾನದ ಟೋಲ್‌ಬೂತ್ ಸೆರೆಮನೆಯಿದೆ. ಒಳಗಿನ ಮೆಟ್ಟಿಲುಗಳು ಕಡಿದಾದ ಸುರುಳಿ ಮೆಟ್ಟಿಲುಗಳಾದ್ದರಿಂದ ಅಮ್ಮನವರಿಗೆ ಅದು ಬೇಡ. ಅವರನ್ನು ಮಾರ್ಷಲ್ ಕಾಲೇಜಿನ ಎದುರಿಗಿರುವ ಪ್ರೊವೋಸ್ಟ್ ಸ್ಕೀನ್ ಮನೆಗೆ ಕರೆದೊಯ್ಯಿರಿ. 1545ರ ಆ ಮನೆಯ ಒಂದು ಕೋಣೆಯ ಮಾಡಿನಲ್ಲಿ ಕ್ರಿಸ್ತನ ಬದುಕಿನ ಚಿತ್ರಗಳಿವೆ. ಮತಸುಧಾರಣೆಯ ಅನಂತರದ 17ನೇ ಶತಮಾನದಲ್ಲಿ ಇಂಥ ಚಿತ್ರಗಳನ್ನು ಬರೆಸಿದ ಧೈರ್ಯವೇ ಆಶ್ಚರ್ಯದ ಸಂಗತಿ.

ಕ್ವಾರಿಯ ವಿಷಯ. ರೂಬಿಸ್ಲಾ ಕ್ವಾರಿ ನಗರದ ಪಶ್ಚಿಮಕ್ಕೆ, ಈಗ ಮನೆಗಳ ಮತ್ತು ಕಚೇರಿಗಳ ನಡುವೆಯೇ ಇದೆ. 1740ರ ಸುಮಾರಿನಿಂದ 1971ರವರೆಗೆ ಕಲ್ಲು ತೆಗೆದು ತೆಗೆದು ಆಳ 142 ಮೀಟರಿಗೆ ಇಳಿಯಿತು. ಈಗ ಅದರ ತುಂಬ ನೀರು. ನಗರದ ಅರ್ಧಭಾಗ ಆ ಗುಂಡಿಯಿಂದ ಎದ್ದು ಬಂದಿದೆ ಎಂದು ಊರಿನವರು ಹೇಳುತ್ತಾರೆ. ಮರಗಳೂ ಬೇಲಿಯೂ ಸುತ್ತುವರಿದಿರುವುದರಿಂದ ಹೊರಗಿನವರಿಗೆ ಕಾಣುವುದು ಬಹಳ ಕಡಿಮೆ. ನಿಮ್ಮಲ್ಲಿ ಸಮಯ ಕಡಿಮೆಯಿರುವುದರಿಂದ ಅದನ್ನು ಬಿಡುವುದೇ ಒಳ್ಳೆಯದು. ಮಾರ್ಷಲ್ ಕಾಲೇಜಿನ ಬೆಳ್ಳನೆಯ ಕಲ್ಲು ಮಾತ್ರ ಅಲ್ಲಿಯದಲ್ಲ, ಒಳನಾಡಿನ ಕೆಮ್ನೆ ಕ್ವಾರಿಯದು. ರೂಬಿಸ್ಲಾದ್ದು ನೀಲಿ ಬೆರೆತ ಕಡು ಬೂದು, ಪೀಟರ್‌ಹೆಡ್ಡಿನದು ಕೆಂಪು. ಈ ಮೂರನ್ನು ಗುರುತಿಸಲು ಕಲಿತರೆ ಯಾವ ಗೋಡೆಯ ಎದುರೂ ಬೇಸರವಾಗದು.

ದಂಡಿನದಾರಿ

ಮೈಸೂರಿನವರು ಎಂದಿದ್ದೀರಿ. ಆದ್ದರಿಂದ ಯಾರೂ ಹೇಳದ ಒಂದು ಸ್ಥಳವನ್ನು ಸೇರಿಸುತ್ತೇನೆ: ವ್ಯೂಫೀಲ್ಡ್ ರಸ್ತೆಯಲ್ಲಿರುವ ಗಾರ್ಡನ್ ಹೈಲ್ಯಾಂಡರ್ಸ್ ಸಂಗ್ರಹಾಲಯ. ಚಿತ್ರಕಾರ ಸರ್ ಜಾರ್ಜ್ ರೀಡ್ ವಾಸವಿದ್ದ ಮನೆಯಲ್ಲಿರುವ ಇದು ಆ ಸೇನಾ ತುಕಡಿಯ ಚರಿತ್ರೆಗೆ ಮೀಸಲು. ತುಕಡಿಯ ಯುದ್ಧಗೌರವಗಳ ಪಟ್ಟಿಯಲ್ಲಿ ಮೈಸೂರು ಮತ್ತು ಶ್ರೀರಂಗಪಟ್ಟಣ ಎರಡೂ ಹೆಸರುಗಳಿವೆ.

ಹಿನ್ನೆಲೆ ಹೀಗಿದೆ. 1787ರಲ್ಲಿ ಭಾರತದ ಸೇವೆಗೆಂದೇ 75ನೇ ಹೈಲ್ಯಾಂಡ್ ರೆಜಿಮೆಂಟನ್ನು ಕಟ್ಟಿದವರು ರಾಬರ್ಟ್ ಅಬರ್‌ಕ್ರಾಂಬಿ. ಮೂರನೇ ಮೈಸೂರು ಯುದ್ಧದಲ್ಲಿ ಅವರೇ ಬೊಂಬಾಯಿ ಸೈನ್ಯದ ಮುಖ್ಯಸ್ಥರಾಗಿ, ಮಲಬಾರಿನಿಂದ ಘಟ್ಟ ಹತ್ತಿ, ಕೊಡಗಿನ ದೊಡ್ಡ ವೀರರಾಜೇಂದ್ರನ ನೆರವಿನಿಂದ ಆ ನಾಡನ್ನು ಹಾದು 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದು ಸೇರಿದರು. 1799ರಲ್ಲಿಯೂ 75ನೇ ರೆಜಿಮೆಂಟು ಬೊಂಬಾಯಿ ಸೈನ್ಯದೊಡನೆ ಅದೇ ಕೊಡಗಿನ ದಾರಿಯಲ್ಲಿ ಬಂದಿತು; ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ದಿನದ ದಾಳಿಯಲ್ಲಿ ಅದರ ಸೈನಿಕರಿದ್ದರು. 1807ರಲ್ಲಿ ಈ ರೆಜಿಮೆಂಟಿಗೆ ಹುಲಿಯ ಚಿತ್ರ ಮತ್ತು ಭಾರತದ ಹೆಸರುಳ್ಳ ಲಾಂಛನವನ್ನು ಕೊಟ್ಟರು. 1881ರಲ್ಲಿ ಅದು 92ನೇ ಗಾರ್ಡನ್ ಹೈಲ್ಯಾಂಡರ್ಸ್ ಜೊತೆಗೆ ವಿಲೀನವಾದಾಗ ಹುಲಿಯೂ ಹೊಸ ತುಕಡಿಗೆ ಬಳುವಳಿಯಾಗಿ ಬಂತು.

ಈ ಹುಲಿಯನ್ನು ಟಿಪ್ಪುವಿನ ಹುಲಿ ಎಂದು ಹೇಳಿಬಿಡುವವರಿದ್ದಾರೆ. ಅದು ರೆಜಿಮೆಂಟು ಭಾರತದಲ್ಲಿ ಸಲ್ಲಿಸಿದ ಇಡೀ ಅವಧಿಯ ಸೇವೆಗೆ ಸಂದ ಗುರುತು. ಒಂದು ಕೋಟೆಯ ಪತನಕ್ಕೆ ಮಾತ್ರ ಸಂದದ್ದಲ್ಲ. ಸಂಗ್ರಹಾಲಯ ಇದನ್ನೆಲ್ಲ ತುಕಡಿಯ ಶೌರ್ಯದ ಕಥೆಯಾಗಿ ಹೇಳುತ್ತದೆ, ಅದು ಸಹಜ. ಶ್ರೀರಂಗಪಟ್ಟಣದ ಕೋಟೆಗೋಡೆಯ ಒಡೆದ ಭಾಗವನ್ನು ಕಣ್ಣಾರೆ ಕಂಡಿರುವ ನಿಮ್ಮ ತಂದೆ ತಾಯಿಯವರು ಅದನ್ನು ಇನ್ನೊಂದು ಕಡೆಯಿಂದ ಓದಿಕೊಳ್ಳುತ್ತಾರೆ. ನಗರದ ನಡುಭಾಗದಿಂದ ಸ್ವಲ್ಪ ದೂರವಿರುವುದರಿಂದ ಟ್ಯಾಕ್ಸಿಯಲ್ಲಿ ಹೋಗಿ. ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ವಾರದ ಎಲ್ಲ ದಿನವೂ ಬಾಗಿಲು ತೆಗೆದಿರುತ್ತದೆಂದು ಭಾವಿಸಬೇಡಿ.

ಡಾನ್‌ದಂಡೆ

ಡನಾಟರ್ ಕೋಟೆಯ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಅದು ಅಬರ್ಡೀನಿನಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ, ಸ್ಟೋನ್‌ಹೇವನ್ ಪಟ್ಟಣದ ಹತ್ತಿರ, ಸಮುದ್ರಕ್ಕೆ ಚಾಚಿದ ಬಂಡೆಯ ಮೇಲಿದೆ. ಕ್ರಾಮ್‌ವೆಲ್ಲನ ಸೈನ್ಯ ಮುತ್ತಿಗೆ ಹಾಕಿದ್ದಾಗ ಸ್ಕಾಟ್ಲೆಂಡಿನ ಕಿರೀಟ, ರಾಜದಂಡ ಮತ್ತು ಖಡ್ಗವನ್ನು ಬಚ್ಚಿಟ್ಟಿದ್ದು ಇಲ್ಲಿಯೇ. 1652ರಲ್ಲಿ ಕೋಟೆ ಶರಣಾಗುವ ಮೊದಲೇ ಅವುಗಳನ್ನು ಗುಟ್ಟಾಗಿ ಹೊರಸಾಗಿಸಿ ಕಿನೆಫ್ ಎಂಬ ಹಳ್ಳಿಯ ಚರ್ಚಿನ ನೆಲದಡಿ ಹೂತಿಟ್ಟರು. ಒಳಗೆ ಹೋಗಬೇಕಾದರೆ ದಂಡೆಯ ತನಕ ಕಡಿದಾದ ಮೆಟ್ಟಿಲುಗಳನ್ನು ಇಳಿದು ಮತ್ತೆ ಬಂಡೆಯನ್ನು ಹತ್ತಬೇಕು, ಹಿಂದಿರುಗುವಾಗಲೂ ಅಷ್ಟೇ. ಅಮ್ಮನವರ ಮಂಡಿಗೆ ಅದು ಖಂಡಿತ ಸಲ್ಲದು. ನೀವು ನ್ಯೂಕಾಸಲ್‌ನಿಂದ ಕಾರಿನಲ್ಲಿ ಬರುವುದಾದರೆ, ಬರುವ ದಾರಿಯಲ್ಲೇ ಅಲ್ಲಿ ನಿಲ್ಲಿಸಿ. ವಾಹನ ನಿಲ್ಲಿಸುವ ಜಾಗದಿಂದ ಸ್ವಲ್ಪ ನಡೆದರೆ ಬಂಡೆಯಂಚಿನ ದಾರಿಯಿಂದ ಇಡೀ ಕೋಟೆ ಕಾಣುತ್ತದೆ. ಒಳಗೆ ಹೋಗುವ ಆಸೆ ತಂದೆಯವರಿಗಿದ್ದರೆ ಅವರೊಬ್ಬರೇ ಹೋಗಿ ಬರಲಿ.

ಜೂನ್ ತಿಂಗಳಾದರೂ ಸ್ವೆಟರ್ ಮತ್ತು ಗಾಳಿ ತಡೆಯುವ ಕೋಟು ಮರೆಯಬೇಡಿ. ಪೂರ್ವದ ಗಾಳಿ ಬೀಸಿದರೆ ಕಡಲಿನಿಂದ ಹಾರ್ ಎಂಬ ದಟ್ಟ ಮಂಜು ಬಂದು, ಒಳನಾಡಿನಲ್ಲಿ ಬಿಸಿಲಿದ್ದಾಗಲೂ ಬಂದರಿನ ಭಾಗವನ್ನು ಮುಚ್ಚಿಬಿಡುತ್ತದೆ. ಅಂಥ ದಿನ ಫುಟ್‌ಡೀಯನ್ನು ಮುಂದೂಡಿ ವಸ್ತುಸಂಗ್ರಹಾಲಯಗಳನ್ನು ಮುಗಿಸಿಕೊಳ್ಳಿ. ಆ ತಿಂಗಳಲ್ಲಿ ಹಗಲು ಹದಿನೇಳು ಗಂಟೆಗೂ ಮೀರಿರುವುದರಿಂದ, ಮಂಜು ಕರಗಿದ ಮೇಲೆ ರಾತ್ರಿ ಊಟ ಮುಗಿಸಿಯೂ ಬೆಳಕಿನಲ್ಲೇ ಫುಟ್‌ಡೀಗೆ ಹೋಗಿ ಬರಬಹುದು.